ಅವಳಿಗೊಂದು ಗುಡ್ಡ

ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ಹೆಂಡತಿ ಒಂದು ದಿನ ಊಟದ ಮಧ್ಯೆ “ಈ ಸಲ ಹಿಮಕ್ಕೆ ನಾನೂ ಬರ್ತೀನಿ” ಅಂದರೆ ಗಂಡನಾದವನು ಏನು ಮಾಡಬೇಕು? ಖುಷಿಪಡಬೇಕು. ಮೇಷ್ಟ್ರೂ ಖುಷಿಪಟ್ಟರು. ಆದರೆ ಆ ಖುಷಿ ಬಾಯಿಗೆ ಬರುವಷ್ಟರಲ್ಲಿ ಆಕೆ ಮುಂದಿನ ಮಾತನ್ನೂ ಆಡಿ ಮುಗಿಸಿದ್ದಳು.

“ಆದ್ರೆ ಸ್ಕೀ ಅಲ್ಲ. ಸ್ನೋಬೋರ್ಡು ಕಲೀತೀನಿ.”

ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. “ಸ್ನೋಬೋರ್ಡಾ? ಎರಡೂ ಕಾಲು ಕಟ್ಕೊಂಡು ಜಾರೋ ಆ ಹಲಗೆನಾ? ಅದು ಹುಡುಗರ ಆಟ ಕಣೇ. ನಾನು ಸ್ಕೀ ಕಲಿಸ್ತೀನಿ ಬಾ. ಐದನೇ ವಯಸ್ಸಿಂದ ಮಾಡ್ತಾ ಇದೀನಿ.”

“ಅದಕ್ಕೇ ಬೇಡ ಅಂತಿರೋದು. ನಿಮಗೆ ಬೋರ್ಡು ಬರಲ್ಲ ತಾನೇ?”

“ಇಲ್ಲ.”

“ಹಾಗಾದ್ರೆ ನೀವು ಕಲಿಸೋ ಹಾಗಿಲ್ಲ. ನಂಗೆ ಅಷ್ಟೇ ಸಾಕು.”

ಈ ಮಾತಿನ ಹಿಂದೆ ಒಂದು ಹಳೆಯ ಕಥೆಯಿದೆ. ಮೇಷ್ಟ್ರು ಅಂದರೆ ಪಾಠಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ಊರಿನ ಅರ್ಧ ಜನ ಅವರ ಪಕ್ಕದಲ್ಲಿ ಕೂತೇ ಗಾಡಿ ಕಲಿತವರು. ಅವರ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕು ಇತ್ತು. ಕಲಿಯುವವರು ಗಾಬರಿಯಾಗುವ ಮೊದಲೇ ಇವರು ಅದನ್ನು ಒತ್ತಿಬಿಡುತ್ತಿದ್ದರು. ಅಳುಬುರುಕರು, ಜಂಬಗಾರರು, ಎಡ ಬಲ ಗೊತ್ತಿಲ್ಲದವರು, ಎಲ್ಲರನ್ನೂ ದಡ ಸೇರಿಸಿದ ಮನುಷ್ಯ. ಸೋತದ್ದು ಒಬ್ಬರ ಹತ್ತಿರ ಮಾತ್ರ. ಹೊಸದಾಗಿ ಮದುವೆಯಾದ ವರ್ಷ ಹೆಂಡತಿಯನ್ನು ಸ್ಟೀರಿಂಗ್ ಹಿಂದೆ ಕೂರಿಸಿ, ಕ್ಲಚ್ಚು ಹಾಗಲ್ಲ, ಕನ್ನಡಿ ನೋಡು, ಅಲ್ಲಲ್ಲ ಆ ಕನ್ನಡಿ, ಅಯ್ಯೋ ಕೈ ಯಾಕೆ ಹಾಗೆ ಇಟ್ಟಿದೀಯ ಅಂತ ಒಂದೇ ಸಮನೆ ಕೊರೆದರು. ಆಕೆ ದೊಡ್ಡ ವೃತ್ತದ ನಟ್ಟನಡುವೆ ಗಾಡಿ ನಿಲ್ಲಿಸಿ, ಕೀಲಿ ತೆಗೆದು ಗಂಡನ ತೊಡೆಯ ಮೇಲಿಟ್ಟು, ಇಳಿದು, ಮನೆಯವರೆಗೆ ನಡೆದೇ ಹೋದಳು. ಹಿಂದೆ ಹಾರ್ನುಗಳ ಮೆರವಣಿಗೆ. ಅಂದಿನಿಂದ ಆಕೆಗೆ ಬಸ್ಸೇ ಗತಿ. ಮೇಷ್ಟ್ರು ಎಷ್ಟು ಗೋಗರೆದರೂ, ತಲೆ ಮೇಲೆ ತಲೆ ಬಿದ್ದರೂ ಆಕೆ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಪ್ರತಿ ಚಳಿಗಾಲ ಮೇಷ್ಟ್ರು ಗೆಳೆಯರ ಜೊತೆ ಸ್ಕೀಗೆ ಹೋಗುವುದು, ಆಕೆ ಮನೆಯಲ್ಲಿ ಉಳಿಯುವುದು, ಹೀಗೇ ನಡೆದುಬಂದಿತ್ತು. ಮೊದಮೊದಲು ಮಗಳು ಚಿಕ್ಕವಳು. ಆಮೇಲೆ ಅತ್ತೆ, ಅಂದರೆ ಮೇಷ್ಟ್ರ ಅಮ್ಮ, ಹಾಸಿಗೆ ಹಿಡಿದರು. ಅತ್ತೆ ಹೋದ ಮೇಲೆ ಕಾರಣ ಏನೂ ಉಳಿಯಲಿಲ್ಲ, ಆದರೂ ಅಭ್ಯಾಸ ಉಳಿಯಿತು. ಆಕೆ ಕೆಲಸ ಮಾಡುವುದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ. ಹಿಮ ಕರಗುವ ಹೊತ್ತಿಗೆ ಊರಿನವರ ಜಾಕೆಟ್ಟುಗಳೆಲ್ಲ ಆ ಅಂಗಡಿಗೆ ಬಂದು ಬೀಳುತ್ತವೆ. ಅವುಗಳ ಜೇಬಿನಿಂದ ಒದ್ದೆ ಟಿಶ್ಯೂ, ಅರ್ಧ ತಿಂದ ಚಾಕೊಲೇಟು, ಗುಡ್ಡ ಹತ್ತಿಸುವ ಯಾವುದೋ ಲಿಫ್ಟಿನ ಚೀಟಿ ತೆಗೆದು ತೆಗೆದು ಆಕೆಗೆ ಬೇಸರ ಬಂದಿತ್ತು. ಕಳೆದ ವರ್ಷ ತನ್ನದೇ ವಯಸ್ಸಿನ ಹೆಂಗಸೊಬ್ಬಳು ಕಂಕುಳಲ್ಲಿ ಬೋರ್ಡು ಇಟ್ಟುಕೊಂಡು ಜಾಕೆಟ್ ಕೊಡಲು ಬಂದಳಂತೆ. “ಮಗಂದಾ?” ಅಂತ ಇವಳು ಕೇಳಿದಳಂತೆ. “ಮಗಂದ್ಯಾಕೆ, ನಂದೇ” ಅಂದಳಂತೆ ಅವಳು. ಆ ಮಾತು ಇವಳ ತಲೆಯಲ್ಲಿ ಕೂತುಬಿಟ್ಟಿತು.

“ಜಾಗ ನೀವೇ ಆರಿಸಿ” ಅಂದಳು ತಟ್ಟೆ ಎತ್ತುತ್ತ. “ನಿಮಗೆ ಗೊತ್ತಿರೋಷ್ಟು ನಂಗೆ ಗೊತ್ತಿಲ್ಲ. ಒಂದು ಸಲ ಬಂದು ನೋಡ್ತೀನಿ. ಹಿಡಿಸ್ಲಿಲ್ಲ ಅಂದ್ರೆ ಮತ್ತೆ ನನ್ನ ಕರೀಬೇಡಿ. ನಾನೂ ಬರ್ತೀನಿ ಅನ್ನಲ್ಲ.”

ಆಕೆ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಮೇಷ್ಟ್ರು ಕೂತಲ್ಲೇ ಕೂತರು. ಅವರಿಗೆ ಇದು ತಮಾಷೆಯ ಮಾತಾಗಿರಲಿಲ್ಲ. ಅವರ ಗುಂಪಿನ ನಾಲ್ವರಲ್ಲಿ ಒಬ್ಬನ ಮಂಡಿ ಕೈಕೊಟ್ಟಿತ್ತು, ಒಬ್ಬ ಸಮುದ್ರದ ಕಡೆಗೆ ಮನೆ ಬದಲಾಯಿಸಿದ್ದ, ಒಬ್ಬ ತೀರಿಕೊಂಡಿದ್ದ. ಹೋದ ಎರಡು ವರ್ಷ ಮೇಷ್ಟ್ರು ಒಬ್ಬರೇ ಹೋಗಿದ್ದರು. ಸಂಜೆ ಊಟದ ಮನೆಯಲ್ಲಿ ಎದುರಿನ ಖಾಲಿ ಕುರ್ಚಿಯ ಮೇಲೆ ತಮ್ಮದೇ ಟೋಪಿ, ಕೈಗವಸು ಇಟ್ಟುಕೊಂಡು ಸೂಪು ಕುಡಿದು ಬಂದಿದ್ದರು. ಯಾರೋ ಬರುವವರಿದ್ದಾರೆ ಅಂತ ಬಡಿಸುವವರು ಅಂದುಕೊಳ್ಳಲಿ ಎಂದು! ಬರುವ ಬೇಸಿಗೆಯಲ್ಲಿ ನಿವೃತ್ತಿ ಬೇರೆ. ಈ ಒಂದು ಸಲ ಆಕೆಗೆ ಹಿಡಿಸದಿದ್ದರೆ ಉಳಿದ ಆಯುಷ್ಯವೆಲ್ಲ ಆ ಖಾಲಿ ಕುರ್ಚಿಯೇ ಗತಿ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹುಡುಕಾಟ ಶುರುವಾಯಿತು. ಮೊದಲನೆಯದು ದೊಡ್ಡ ಹೆಸರಿನ ಜಾಗ. ಪರ್ವತ ಮೋಡಕ್ಕೆ ಮುಟ್ಟುತ್ತದೆ, ಲಿಫ್ಟಿಗೆ ನಿಂತ ಸಾಲು ರಸ್ತೆಗೆ ಮುಟ್ಟುತ್ತದೆ. ಹೊಸಬರನ್ನು ಅಲ್ಲಿ ಯಾರೂ ಮೂಸುವುದಿಲ್ಲ, ಅದನ್ನು ಮೇಷ್ಟ್ರು ಕೂಡಲೇ ಕೈಬಿಟ್ಟರು. ಎರಡನೆಯದು ಮಧ್ಯಮ ಗಾತ್ರದ, ಹೊಸ ರೆಸಾರ್ಟು. ಹೊಸಬರಿಗೆಂದೇ ಬೇರೆ ಇಳಿಜಾರು, ನಿಂತರೆ ಸಾಕು ತಾನೇ ಮೇಲೆ ಒಯ್ಯುವ ರಬ್ಬರಿನ ಪಟ್ಟಿ, ತಂತಿಗೆ ತೂಗುವ ಕುರ್ಚಿ ಲಿಫ್ಟು, ಬೋರ್ಡು ಕಲಿಸುವ ಶಾಲೆ.

ಮಗಳು ಫೋನಿನಲ್ಲಿ ಎರಡನೆಯದಕ್ಕೇ ಅಂಟಿಕೊಂಡಳು. ಅವಳು ಕಾಲೇಜಿನಲ್ಲಿದ್ದಾಗ ಬೋರ್ಡು ಕಲಿತವಳು. “ಅಪ್ಪ, ಕೇಳಿಸ್ಕೋ. ಬೋರ್ಡಿಗೆ ಚಪ್ಪಟೆ ಜಾಗ ಆಗಲ್ಲ. ಸ್ವಲ್ಪ ಇಳಿಜಾರು ಇರ್ಬೇಕು, ಒಂದೇ ಸಮ ಇರ್ಬೇಕು. ಹಗ್ಗ ಹಿಡಿದು ಹೋಗೋ ಲಿಫ್ಟಂತೂ ಬೇಡವೇ ಬೇಡ. ಕುರ್ಚಿ ಇರೋ ಕಡೆನೇ ಕರ್ಕೊಂಡು ಹೋಗು.”

“ಆಯ್ತಮ್ಮ, ಆಯ್ತು” ಅಂದರು ಮೇಷ್ಟ್ರು. ಕಿವಿಗೆ ಹಾಕಿಕೊಂಡರೋ? ಎಲ್ಲಿಂದ! ಚಪ್ಪಟೆ ಜಾಗದಲ್ಲಿ ಬಿದ್ದರೆ ಪೆಟ್ಟಾಗುವುದಿಲ್ಲ, ಇಷ್ಟು ಸರಳ ವಿಷಯ ಈ ಹುಡುಗಿಗೆ ತಿಳಿಯಲಿಲ್ಲವಲ್ಲ ಅಂದುಕೊಂಡರು. ಗಾಡಿ ಕಲಿಸುವಾಗಲೂ ಮೊದಲು ಖಾಲಿ ಮೈದಾನಕ್ಕೇ ತಾನೇ ಕರೆದೊಯ್ಯುವುದು? ಅದೂ ಅಲ್ಲದೆ, ಸುಳ್ಳು ಯಾಕೆ ಹೇಳಬೇಕು, ಹೆಂಡತಿ ‘ನಾನೂ ಬರ್ತೀನಿ’ ಅಂದ ಕ್ಷಣದಲ್ಲೇ ಮೇಷ್ಟ್ರ ಮನಸ್ಸು ಜಾಗ ಆರಿಸಿಯಾಗಿತ್ತು. ಮೂರನೆಯದು ಅವರ ಬಾಲ್ಯದ ಗುಡ್ಡ.

ಆ ಗುಡ್ಡದ ಕಥೆ ಕೇಳದವರು ಅವರ ಬಳಗದಲ್ಲಿ ಯಾರೂ ಇರಲಿಲ್ಲ. ಹುಟ್ಟೂರಿನ ಇಟ್ಟಿಗೆ ಕಾರ್ಖಾನೆಯ ಹಿಂದಿನ ಗುಡ್ಡ ಅದು. ಕಾರ್ಖಾನೆಯ ಕೆಲಸಗಾರರೆಲ್ಲ ಸೇರಿ ಗುಜರಿಗೆ ಹಾಕಿದ್ದ ಲಾರಿಯೊಂದರ ಎಂಜಿನ್ನು ತಂದು ಕೂರಿಸಿ, ಅದಕ್ಕೆ ಉದ್ದನೆಯ ಹಗ್ಗ ಸುತ್ತಿ, ಗುಡ್ಡದ ನೆತ್ತಿಯ ಗಾಲಿಯವರೆಗೆ ಎಳೆದಿದ್ದರು. ಎಂಜಿನ್ನು ಕೆಮ್ಮಿ ಕೆಮ್ಮಿ ಶುರುವಾಗುತ್ತಿತ್ತು. ಓಡುವ ಹಗ್ಗವನ್ನು ಗಬಕ್ಕನೆ ಹಿಡಿದರೆ ತೋಳು ಕಿತ್ತು ಬರುವಂತೆ ಎಳೆದುಕೊಂಡು ಹೋಗುತ್ತಿತ್ತು. ಒಂದು ಚಳಿಗಾಲ ಮುಗಿಯುವುದರೊಳಗೆ ಎಲ್ಲ ಮಕ್ಕಳ ಕೈಗವಸಿನ ಅಂಗೈ ತೂತು. ಮೇಲಿನಿಂದ ಇಳಿದು ಬಂದರೆ ನಡುವೆ ಒಂದು ವಿಶಾಲ ಸಮತಟ್ಟು ಜಾಗ. ಅಲ್ಲಿ ಸ್ಕೀಗಳು ತಾವಾಗಿಯೇ ನಿಧಾನವಾಗಿ ತೂಕಡಿಸತೊಡಗುತ್ತಿದ್ದವು. ಅದಕ್ಕೆ ಮಕ್ಕಳು ಇಟ್ಟ ಹೆಸರು ‘ನಿದ್ದೆ ಬಯಲು’. ಕೋಲು ಊರಿ ತಳ್ಳಿಕೊಂಡು, ಜೋರಾಗಿ ಹಾಡು ಹೇಳಿಕೊಂಡು ಅದನ್ನು ದಾಟುವುದೇ ಒಂದು ಸಂಭ್ರಮವಾಗಿತ್ತು.

ಕೆಳಗೆ ತಗಡಿನ ಶೆಡ್ಡು. ಅದರೊಳಗೆ ಮೇಷ್ಟ್ರ ಅಮ್ಮ ಸೂಪು ಮಾರುತ್ತಿದ್ದಳು. ಒಲೆಯ ಸುತ್ತ ತಂತಿ ಕಟ್ಟಿ ಮಕ್ಕಳ ಕೈಗವಸು, ಕಾಲುಚೀಲ ಒಣಗಿಸುತ್ತಿದ್ದಳು. ಒದ್ದೆ ಉಣ್ಣೆ, ಡೀಸೆಲ್ಲು, ಬೇಯುವ ಈರುಳ್ಳಿ ಮೂರೂ ಕೂಡಿದ ಆ ವಾಸನೆಯಷ್ಟು ಹಿತವಾದದ್ದು ಮೇಷ್ಟ್ರಿಗೆ ಮುಂದೆ ಎಲ್ಲೂ ಸಿಗಲಿಲ್ಲ. ಕತ್ತಲಾಗುವ ಹೊತ್ತಿಗೆ ಅಮ್ಮ ಬಾಗಿಲಿಗೆ ಬಂದು ಕೂಗುವಳು. “ಇನ್ನೊಂದೇ ಸಲ ಅಮ್ಮ!” ಅಂತ ಮಗ ಮೇಲಿನಿಂದ ಕೂಗುವನು. ಆ ಒಂದು ಸಲ ಎಂದೂ ಒಂದೇ ಸಲವಾಗಿರುತ್ತಿರಲಿಲ್ಲ. ಅವಳು ಶಾಲು ಬಿಗಿದುಕೊಂಡು ಅಲ್ಲೇ ಕಾಯುತ್ತ ನಿಂತಿರುತ್ತಿದ್ದಳು. ಮೇಷ್ಟ್ರಿಗೆ ಅದೆಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಇದೇ ಕೊನೆಯ ಚಳಿಗಾಲ, ಬರುವ ವರ್ಷ ಗುಡ್ಡ ಮುಚ್ಚುತ್ತಾರೆ ಅನ್ನುವ ಸುದ್ದಿಯೂ ಬಂದಿತ್ತು. ಹೆಂಡತಿ ಮೊದಲ ಬಾರಿ ಹಿಮದ ಮೇಲೆ ಜಾರುವುದಾದರೆ ಅಲ್ಲೇ ಜಾರಬೇಕು, ಅಲ್ಲಿ ಬಿಟ್ಟರೆ ಇನ್ನೆಲ್ಲಿ? ಮೇಷ್ಟ್ರು ಯಾರನ್ನೂ ಕೇಳದೆ ಅಲ್ಲೇ ಕೋಣೆ ಗೊತ್ತು ಮಾಡಿದರು.

“ಯಾವ ಜಾಗ ಆರಿಸಿದ್ರಿ?” ಅಂತ ಹೆಂಡತಿ ಕೇಳಿದಳು.

“ಹೊಸಬರಿಗೆ ಹೇಳಿ ಮಾಡಿಸಿದಂಥ ಜಾಗ. ನೋಡು ನೀನೇ.”

ಆಕೆ ಗಂಡನ ಮುಖ ಒಂದು ಕ್ಷಣ ನೋಡಿದಳು. ಕಾರು ಹುಟ್ಟೂರಿನ ದಾರಿ ಹಿಡಿದಾಗ ಆಕೆಗೆ ಅರ್ಥವಾಯಿತು. ಕಿಟಕಿಯ ಕಡೆ ತಿರುಗಿ ಕೂತಳು. ಮೇಷ್ಟ್ರು ಅದನ್ನು ಸಂತೋಷ ಅಂದುಕೊಂಡು ದಾರಿಯುದ್ದಕ್ಕೂ ಮಾತಾಡಿದ್ದೇ ಮಾತಾಡಿದ್ದು.

ಗುಡ್ಡ ನೋಡಿ ಮೇಷ್ಟ್ರಿಗೇ ಒಂದು ಗಳಿಗೆ ಏನೋ ಆಯಿತು. ಇಷ್ಟೇನಾ? ಇಟ್ಟಿಗೆ ಕಾರ್ಖಾನೆ ಇರಲಿಲ್ಲ, ಅದರ ಚಿಮಣಿ ಮಾತ್ರ ಒಂಟಿಯಾಗಿ ನಿಂತಿತ್ತು. ಆದರೆ ಹಗ್ಗ ಇತ್ತು, ಶೆಡ್ಡು ಇತ್ತು, ಎಂಜಿನ್ನಿನ ಕೆಮ್ಮೂ ಹಾಗೇ ಇತ್ತು. ಅದರ ಪಕ್ಕದಲ್ಲಿ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಮಕ್ಕಳೆಲ್ಲ ಹಗ್ಗದಣ್ಣ ಅಂತ ಕರೆಯುತ್ತಿದ್ದವನು ಕೂತಿದ್ದ. ಮೇಷ್ಟ್ರು ಚಡ್ಡಿ ಹಾಕುತ್ತಿದ್ದ ಕಾಲಕ್ಕೇ ಅವನು ಈ ಎಂಜಿನ್ನು ನೋಡಿಕೊಳ್ಳುತ್ತಿದ್ದ ತರುಣ. ಈಗ ಎಪ್ಪತ್ತು ದಾಟಿದ ಮುದುಕ.

“ಲೇ ನೀನೇನೋ! ಕೂದಲೆಲ್ಲ ಎಲ್ಲೋ ಹೋಯ್ತು?” ಅಂತ ಹಗ್ಗದಣ್ಣ ಮೇಷ್ಟ್ರನ್ನು ತಬ್ಬಿಕೊಂಡ. ಆಮೇಲೆ ಮಗಳ ಹಳೆಯ ಹಳದಿ ಜಾಕೆಟ್ಟು ತೊಟ್ಟು ನಿಂತ ಹೆಂಡತಿಯ ಕೈಯಲ್ಲಿದ್ದ ಬೋರ್ಡು ನೋಡಿ ಹುಬ್ಬೇರಿಸಿದ. “ಇದನ್ನ ಹಾಕ್ಕೊಂಡು ಈ ಹಗ್ಗ ಹಿಡೀತೀರಾ ತಂಗಿ?”

“ಇವರು ಆಗುತ್ತೆ ಅಂದ್ರು” ಅಂದಳು ಆಕೆ.

ಆಗಲಿಲ್ಲ. ಸ್ಕೀ ಹಾಕಿದವನು ಮುಂದಕ್ಕೆ ಮುಖ ಮಾಡಿ ಎರಡು ಕಾಲ ಮೇಲೆ ನಿಂತಿರುತ್ತಾನೆ, ಹಗ್ಗ ಎಳೆದರೆ ನೆಟ್ಟಗೆ ಹೋಗುತ್ತಾನೆ. ಬೋರ್ಡಿನವರು ಅಡ್ಡ ನಿಲ್ಲಬೇಕು, ಅದೂ ಒಂದು ಕಾಲು ಕಟ್ಟಿಕೊಂಡು, ಒಂದು ಕಾಲು ಬಿಚ್ಚಿಕೊಂಡು. ಹಗ್ಗ ಎಳೆದ ಕೂಡಲೇ ಆಕೆ ಬುಗುರಿಯಂತೆ ಸುತ್ತಿ ಬಿದ್ದಳು. ಎದ್ದಳು, ಬಿದ್ದಳು. “ಮೊಣಕಾಲು ಬಗ್ಗಿಸು! ಹಾಗಲ್ಲ! ಹಗ್ಗ ಬಿಡ್ಬೇಡ!” ಅಂತ ಮೇಷ್ಟ್ರು ಕೂಗುತ್ತಲೇ ಇದ್ದರು. ತಮಗೆ ಬರದ ವಿದ್ಯೆಯನ್ನೂ ಕಲಿಸಲು ನಿಂತ ಮಹಾನುಭಾವರು! ಹಿಂದೆ ಸಾಲಿನಲ್ಲಿ ನಿಂತ ಮಕ್ಕಳು ಮುಸಿಮುಸಿ ನಕ್ಕರು. ಕೊನೆಗೆ ಆಕೆ ಬೋರ್ಡು ಕಂಕುಳಿಗೆ ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತ, ಗುಡ್ಡವನ್ನು ನಡೆದೇ ಹತ್ತಿದಳು.

ಮೇಲಿನಿಂದ ಹೊರಟು ನಾಲ್ಕು ಮಾರು ಜಾರಿದಳೋ ಇಲ್ಲವೋ ನಿದ್ದೆ ಬಯಲು ಬಂತು. ಬೋರ್ಡು ಗಕ್ಕನೆ ನಿಂತುಬಿಟ್ಟಿತು. ತಳ್ಳಿಕೊಳ್ಳಲು ಕೋಲಿಲ್ಲ, ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿವೆ. ಮುಂದಕ್ಕೆ ವಾಲಿದಳು, ಬೋರ್ಡಿನ ಅಂಚು ಹಿಮಕ್ಕೆ ಕಚ್ಚಿ ಮುಖ ಅಡಿಯಾಗಿ ಬಿದ್ದಳು. ಹಿಂದಕ್ಕೆ ವಾಲಿದಳು, ಬೆನ್ನು ಅಡಿಯಾಗಿ ಬಿದ್ದಳು. ಚಪ್ಪಟೆ ಜಾಗದಲ್ಲಿ ಬಿದ್ದರೆ ಪೆಟ್ಟಾಗುವುದಿಲ್ಲ ಅನ್ನುವುದು ಎಂಥ ಮೂರ್ಖ ಲೆಕ್ಕ ಅಂತ ಆ ಸದ್ದು ಕೇಳಿದಾಗಲೇ ಮೇಷ್ಟ್ರಿಗೆ ಗೊತ್ತಾಗಿದ್ದು. ಮಗಳ ಮಾತು ಅಕ್ಷರಕ್ಕೆ ಅಕ್ಷರ ನೆನಪಾಯಿತು.

ಮೇಷ್ಟ್ರು ಹತ್ತಿರ ಹೋಗಿ ಕೈ ಚಾಚಿದರು. ಆಕೆ ಹಿಡಿಯಲಿಲ್ಲ. ಹಿಮದಲ್ಲಿ ಕೂತೇ ಪಟ್ಟಿ ಬಿಚ್ಚತೊಡಗಿದಳು. ಬೆರಳು ಮರಗಟ್ಟಿದ್ದರಿಂದ ಬಿಚ್ಚಲೂ ಬರಲಿಲ್ಲ. ಆಗ ಕಣ್ಣಲ್ಲಿ ನೀರು ಬಂತು.

“ನೋಡು, ಇದೇ ಕಣೇ ನಿದ್ದೆ ಬಯಲು, ಇಲ್ಲೇ ನಾವು...” ಅಂದರು ಮೇಷ್ಟ್ರು. ಆ ಹೊತ್ತಿನಲ್ಲೂ ಅವರ ಬಾಯಿಗೆ ಬಂದದ್ದು ಅದೇ!

“ಸಾಕು ರೀ” ಅಂದಳು ಆಕೆ. “ಮದುವೆ ಆದಾಗಿಂದ ಈ ಗುಡ್ಡದ ಕಥೆ ಕೇಳಿದೀನಿ. ಈ ಹಗ್ಗ, ಈ ಬಯಲು, ಆ ಶೆಡ್ಡು, ಎಲ್ಲ ನಂಗೆ ಬಾಯಿಪಾಠ. ನಂಗೊಂದು ಜಾಗ ಹುಡುಕಿ ಅಂದ್ರೆ ನೀವು ನಿಮಗೆ ಹುಡುಕ್ಕೊಂಡ್ರಿ. ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಇದೊಂದೇ ಅಲ್ವಾ?”

ಮೇಷ್ಟ್ರು ಕೈಗವಸು ಕಳಚಿದರು. ಬಗ್ಗಿ ಆಕೆಯ ಬೂಟಿನ ಪಟ್ಟಿ ಬಿಚ್ಚಿದರು. ಆಕೆ ಎದ್ದು, ಹಿಂದೆ ನೋಡದೆ, ಬೋರ್ಡು ಎಳೆದುಕೊಂಡು ಕಾರಿನ ಕಡೆ ಇಳಿದು ಹೋದಳು.

ಮೇಷ್ಟ್ರು ಆಕೆಯ ಹಿಂದೆ ಹೋಗಲು ಧೈರ್ಯ ಸಾಲದೆ ಶೆಡ್ಡಿಗೆ ಹೋದರು. ಒಲೆ ಇತ್ತು, ತಂತಿ ಇತ್ತು. ಸೂಪಿನ ಜಾಗದಲ್ಲಿ ನಾಣ್ಯ ಹಾಕುವ ಕಾಫಿ ಯಂತ್ರ ನಿಂತಿತ್ತು. ಹಗ್ಗದಣ್ಣ ಎರಡು ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತ.

“ಅಮ್ಮ ಇದ್ದಿದ್ರೆ ಅವಳಿಗೆ ಬುದ್ಧಿ ಹೇಳ್ತಿದ್ಲು” ಅಂದರು ಮೇಷ್ಟ್ರು. “ಅಮ್ಮಂಗೆ ಈ ಗುಡ್ಡ ಅಂದ್ರೆ ಪ್ರಾಣ.”

ಹಗ್ಗದಣ್ಣ ಜೋರಾಗಿ ನಕ್ಕ. “ನಿಮ್ಮಮ್ಮಂಗಾ? ಯಾರೋ ಹೇಳಿದ್ದು? ಚಳೀಲಿ ನಿಂತು ನಿಂತು ಅವಳ ಕಾಲು ಬಾತುಹೋಗಿತ್ತು ಕಣೋ. ‘ಈ ಸುಡುಗಾಡು ಗುಡ್ಡ ಒಂದಿನ ಕರಗಿ ಹೋಗ್ಲಿ’ ಅಂತ ದಿನಾ ಬೈಯೋಳು. ನೀನು ಇನ್ನೊಂದೇ ಸಲ ಅಂತ ಮೇಲಿಂದ ಕೂಗ್ತಿದ್ಯಲ್ಲ, ಆಗ ಏನಂತಿದ್ಲು ಅಂತ ನಾ ಹೇಳಿದ್ರೆ ನೀನು ಅಳ್ತೀಯ.”

ಮೇಷ್ಟ್ರು ಲೋಟ ಕೆಳಗಿಟ್ಟರು.

“ಒಂದು ಸಂಜೆ,” ಹಗ್ಗದಣ್ಣ ಮುಂದುವರಿಸಿದ, “ನೀನು ಜ್ವರ ಅಂತ ಮನೇಲಿ ಮಲಗಿದ್ದೆ. ಮಕ್ಕಳೆಲ್ಲ ಹೋದ್ರು. ನಾನು ಎಂಜಿನ್ ಆರಿಸೋಕೆ ಹೊರಟೆ. ನಿಮ್ಮಮ್ಮ ಬಂದು, ‘ತಮ್ಮಾ, ಒಂದು ಸುತ್ತು ಓಡಿಸು’ ಅಂದ್ಲು. ಸೂಪಿನ ಬಟ್ಟಲು ಇಡೋ ದೊಡ್ಡ ತಟ್ಟೆ ಕಂಕುಳಲ್ಲಿ ಇಟ್ಕೊಂಡು, ಹಗ್ಗ ಹಿಡ್ಕೊಂಡು, ಬರೀ ಬೂಟಲ್ಲಿ ಮೇಲೆ ಹೋದ್ಲು. ಆ ತಟ್ಟೆ ಮೇಲೆ ಕೂತು ಜಾರಿದ್ಲು ನೋಡು, ಏನು ನಗು, ಏನು ಕಿರುಚಾಟ! ನಿದ್ದೆ ಬಯಲಲ್ಲಿ ನಿಂತುಬಿಡ್ತು. ನಾನೇ ಹೋಗಿ ಎಳ್ಕೊಂಡು ಬಂದೆ. ಯಾರಿಗೂ ಹೇಳ್ಬೇಡ ಅಂದ್ಲು. ಹೇಳಿರ್ಲಿಲ್ಲ. ಈಗ ಈ ಗುಡ್ಡನೂ ಹೋಗ್ತಾ ಇದೆ, ಇನ್ನು ಯಾರಿಗೆ ಮುಚ್ಚಿಡ್ಲಿ?”

ಅರವತ್ತು ಮುಟ್ಟುತ್ತ ಬಂದ ಮೇಷ್ಟ್ರು ಒಲೆಯ ಮುಂದೆ ಕೂತು ಮಗುವಿನ ಹಾಗೆ ಮೂಗೊರೆಸಿಕೊಂಡರು. ಎಷ್ಟು ಚಳಿಗಾಲ! ನೀನೂ ಮೇಲೆ ಬರ್ತೀಯಾ ಅಮ್ಮ ಅಂತ ಒಂದು ದಿನ, ಒಂದೇ ಒಂದು ದಿನ ಕೇಳಬಾರದಿತ್ತೇ? ಅವಳಿಗೂ ಆಸೆಯಿತ್ತು ಅಂತ ಹೊಳೆಯಲೇ ಇಲ್ಲವಲ್ಲ. ಹಗ್ಗದಣ್ಣ ಅವರ ಬೆನ್ನು ತಟ್ಟಿ, “ಹೋಗೋ, ಕಾರಲ್ಲಿ ಒಬ್ಬಳೇ ಕೂತಿದಾಳೆ” ಅಂದ.

ಕಾರಿನಲ್ಲಿ ಆಕೆ ಕಾಲುಚೀಲ ಬದಲಾಯಿಸುತ್ತಿದ್ದಳು. ಮೇಷ್ಟ್ರು ಕೂತು ಗಾಡಿ ಶುರು ಮಾಡಿದರು.

“ಮನೆಗಾ?” ಅಂದಳು.

“ಅಲ್ಲ. ಮಗಳು ಹೇಳಿದ ಜಾಗಕ್ಕೆ. ಸಂಜೆ ಒಳಗೆ ಸೇರ್ತೀವಿ.”

“ಒಂದೇ ಸಲ ಅಂದಿದ್ದೆ ನಾನು. ಆ ಸಲ ಆಗಿಹೋಯ್ತು.”

“ಇಲ್ಲ ಕಣೇ.” ಮೇಷ್ಟ್ರು ಸ್ಟೀರಿಂಗ್ ಮೇಲಿಂದ ಕೈ ತೆಗೆದರು. “ಇವತ್ತಿನದು ನನ್ನ ಸಲ. ನಿನ್ನದು ಇನ್ನೂ ಆಗಿಲ್ಲ. ತಪ್ಪು ನಂದು. ನಾಳೆ ಒಂದು ದಿನ ನೋಡು. ಆಮೇಲೂ ಬೇಡ ಅಂದ್ರೆ ನಾನು ಹಿಮದ ಮಾತೇ ಎತ್ತಲ್ಲ.”

ತಪ್ಪು ನಂದು ಅನ್ನುವ ಮಾತು ಆ ಬಾಯಿಂದ ಆಕೆ ಕೇಳಿದ್ದು ಅಪರೂಪ. ಆಕೆ ಸೀಟು ಬೆಲ್ಟು ಹಾಕಿಕೊಂಡಳು. ದಾರಿಯಲ್ಲಿ ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ಹಾಗೆ ಸುಮ್ಮನೆ ಗಾಡಿ ಓಡಿಸುವುದು ಅವರಿಗೆ ಎಷ್ಟು ಕಷ್ಟವಾಯಿತೆಂದರೆ ಎರಡು ಸಲ ಸುಮ್ಮಸುಮ್ಮನೆ ಕೆಮ್ಮಿದರು.

ಮಾರನೆಯ ಬೆಳಿಗ್ಗೆ ಆ ಹೊಸ ರೆಸಾರ್ಟಿನಲ್ಲಿ ಬೋರ್ಡು ಕಲಿಸುವ ಹುಡುಗಿ ಬಂದಳು. ಮಗಳಿಗಿಂತ ಚಿಕ್ಕವಳು, ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಹೊಸಬರ ಇಳಿಜಾರು ಮಂಚದ ತಲೆ ಕಡೆಯ ಕಾಲಿಗೆ ಇಟ್ಟಿಗೆ ಇಟ್ಟಂತೆ ಒಂದೇ ಸಮನಾಗಿ ಇಳಿಯುತ್ತಿತ್ತು. ರಬ್ಬರಿನ ಪಟ್ಟಿಯ ಮೇಲೆ ನಿಂತು ಹೆಂಡತಿ ಮೇಲೆ ಹೋದಳು, ಒಂದಿಷ್ಟು ಜಾರಿದಳು, ಗಂಡನ ಕಡೆ ನೋಡಿದಳು, ಬಿದ್ದಳು. ಮತ್ತೆ ಹೋದಳು, ನೋಡಿದಳು, ಬಿದ್ದಳು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಬಾಯಿ ಮುಚ್ಚಿಕೊಂಡೇ ಇದ್ದರು. ಆದರೆ ಮುಖ ಮುಚ್ಚಿಕೊಳ್ಳಲಾಗುತ್ತದೆಯೇ? ಅದರ ಮೇಲೆ ‘ಹಾಗಲ್ಲ, ಹಾಗಲ್ಲ’ ಅಂತ ಬರೆದಂತೆ ಇತ್ತು.

ಹುಡುಗಿ ಮೇಷ್ಟ್ರ ಹತ್ತಿರ ಬಂದಳು. “ಸರ್, ಬೇಜಾರು ಮಾಡ್ಕೋಬೇಡಿ. ಬೋರ್ಡಲ್ಲಿ ಕಣ್ಣು ಎಲ್ಲಿಗೆ ಹೋಗುತ್ತೋ ಮೈಯೂ ಅಲ್ಲಿಗೇ ಹೋಗುತ್ತೆ. ಆಂಟಿ ಪ್ರತಿ ಸಲ ನಿಮ್ಮನ್ನೇ ನೋಡ್ತಾ ಇದಾರೆ. ಅದಕ್ಕೇ ಬೀಳ್ತಿರೋದು. ನೀವು ಸ್ವಲ್ಪ ಹೊತ್ತು ಬೇರೆ ಎಲ್ಲಾದ್ರೂ ಹೋಗ್ತೀರಾ?”

ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೆಂಡತಿಯ ಕಡೆ ನೋಡಿದರು. ಆಕೆ ಬೇಡ ಅನ್ನಲಿಲ್ಲ, ಕೈಗವಸು ಸರಿಮಾಡಿಕೊಳ್ಳುತ್ತಿದ್ದಳು. ಮೇಷ್ಟ್ರು ಸ್ಕೀ ಹಾಕಿಕೊಂಡು, ತಲೆ ತಗ್ಗಿಸಿಕೊಂಡು, ಕುರ್ಚಿ ಲಿಫ್ಟಿನ ಕಡೆ ಹೋದರು. ಜೊತೆಗೆ ದಪ್ಪ ಮೀಸೆಯ ಅಪರಿಚಿತರೊಬ್ಬರು ಬಂದು ಕೂತರು. ಕುರ್ಚಿ ನೆಲ ಬಿಟ್ಟು ಮೇಲೇರಿತು.

ಆ ಲಿಫ್ಟು ಹೊಸಬರ ಇಳಿಜಾರಿನ ಮೇಲೆಯೇ ಹಾದು ಹೋಗುತ್ತದೆ ಅನ್ನುವುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕೆಳಗೆ ನೋಡಿದರೆ ಅದೇ ಹಳದಿ ಜಾಕೆಟ್ಟು. ಅವರ ಹೆಂಡತಿ! ಆಕೆ ತಲೆಯೆತ್ತಿ ಎದುರಿನ ಮರಗಳ ಕಡೆ ನೋಡುತ್ತ, ಇಳಿಜಾರಿಗೆ ಅಡ್ಡಡ್ಡಲಾಗಿ ಜಾರುತ್ತಿದ್ದಳು. ಅಂಚಿಗೆ ಬಂದಳು. ಈಗ ಬೀಳುತ್ತಾಳೆ ಅಂತ ಮೇಷ್ಟ್ರು ಕುರ್ಚಿಯ ಕಂಬಿ ಬಿಗಿಹಿಡಿದರು. ಆಕೆ ಬೀಳಲಿಲ್ಲ. ಭುಜ ತಿರುಗಿಸಿದಳು, ಬೋರ್ಡು ತಿರುಗಿತು, ಈಚೆ ಕಡೆ ಹೊರಟಳು. ಮತ್ತೆ ತಿರುಗಿದಳು. ಎರಡೂ ಕೈ ಹಕ್ಕಿಯ ರೆಕ್ಕೆಯಂತೆ ಚಾಚಿಕೊಂಡು, ಸೊಂಟ ಹಿಂದೆ ಹಾಕಿಕೊಂಡು, ನೋಡಿದವರು ನಗುವಂತೆ, ಆದರೆ ನಿಲ್ಲದೆ, ಬೀಳದೆ, ಕೆಳಗಿನವರೆಗೂ ಹೋದಳು.

“ನೋಡ್ರೀ! ನೋಡ್ರೀ ಅಲ್ಲಿ! ನನ್ನ ಹೆಂಡ್ತಿ ಕಣ್ರೀ ಅದು!” ಅಂತ ಮೇಷ್ಟ್ರು ಅಪರಿಚಿತರ ತೋಳು ಹಿಡಿದು ಅಲ್ಲಾಡಿಸಿದರು. ಆ ಮೀಸೆಯವರು ಬೆದರಿ ಕಂಬಿ ಹಿಡಿದುಕೊಂಡು, “ಒಳ್ಳೇದಾಯ್ತು, ಒಳ್ಳೇದಾಯ್ತು, ಅಲ್ಲಾಡ್ಸಬೇಡಿ” ಅಂದರು.

ಕೆಳಗೆ ಆಕೆ ಎರಡೂ ಕೈ ಮೇಲೆತ್ತಿ ಕುಣಿದಳು, ಕಲಿಸುವ ಹುಡುಗಿಯನ್ನು ಅಪ್ಪಿಕೊಂಡಳು. ಮೇಷ್ಟ್ರಿಗೆ ಅಲ್ಲಿಂದಲೇ ಹಾರಿಬಿಡೋಣ ಅನ್ನಿಸಿತು. ಆದರೆ ಕುರ್ಚಿ ಯಾರ ಮಾತು ಕೇಳುತ್ತದೆ? ಅದು ತನ್ನ ಪಾಡಿಗೆ ಮೇಲೆ ಮೇಲೆ ಹೋಗುತ್ತಿತ್ತು. ಕುತ್ತಿಗೆ ನೋಯುವವರೆಗೂ ಹಿಂದೆ ತಿರುಗಿ ನೋಡಿದರು. ಹಳದಿ ಚುಕ್ಕೆ ಚಿಕ್ಕದಾಗುತ್ತ ಮರಗಳ ಹಿಂದೆ ಮರೆಯಾಯಿತು. ಆಕೆಯ ಇಷ್ಟು ದೊಡ್ಡ ಸಂತೋಷದಲ್ಲಿ ತಾವು ಇರಲಿಲ್ಲ. ಮೂವತ್ತು ಚಳಿಗಾಲ ತಮ್ಮ ಸಂತೋಷದಲ್ಲಿ ಆಕೆ ಇರಲಿಲ್ಲ. ಆಗ ಮನೆಗೆ ಹೋಗಿ ಬೂಟು ಬಿಚ್ಚುವುದಕ್ಕೂ ಮೊದಲು ಎಲ್ಲವನ್ನೂ ಹೇಳುತ್ತಿದ್ದರು. ಆಕೆ ಒಂದು ಮಾತನ್ನೂ ತಡೆಯದೆ ಕೇಳುತ್ತಿದ್ದಳು.

ಮೇಲೆ ತಲುಪಿದ್ದೇ ತಡ, ಮೇಷ್ಟ್ರು ಎಲ್ಲೂ ನಿಲ್ಲದೆ ಕೆಳಗಿಳಿದು ಬಂದರು. ಬೆಂಚಿನ ಮೇಲೆ ಕೂತು ಆಕೆ ಕಿತ್ತಳೆ ಸುಲಿಯುತ್ತಿದ್ದಳು. ಮುಖ ಕೆಂಪಾಗಿತ್ತು, ಹುಬ್ಬಿನ ಮೇಲೆ ಹಿಮ ಕೂತಿತ್ತು. ಮದುವೆಯ ಹೊಸತರಲ್ಲೂ ಆಕೆಯನ್ನು ಹೀಗೆ ನೋಡಿದ ನೆನಪು ಅವರಿಗಿರಲಿಲ್ಲ.

“ಎಲ್ಲಿ ಹೋಗಿದ್ರಿ? ಅಯ್ಯೋ, ನೀವು ನೋಡಲೇ ಇಲ್ವಲ್ಲ!”

ನೋಡಿದೆ ಕಣೇ, ಪೂರ್ತಿ ನೋಡಿದೆ, ಮೇಲಿಂದ! ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಎರಡನೇ ತಿರುವಿನಲ್ಲಿ ಸೊಂಟ ಸ್ವಲ್ಪ ಮುಂದೆ ತರಬೇಕಿತ್ತು ಅನ್ನುವುದೂ ಅದರ ಹಿಂದೆಯೇ ಸಾಲಾಗಿ ನಿಂತಿತ್ತು. ಮೇಷ್ಟ್ರು ಎರಡನ್ನೂ ನುಂಗಿದರು.

“ಇಲ್ಲ ಕಣೇ” ಅಂದರು ಪಕ್ಕದಲ್ಲಿ ಕೂರುತ್ತ. “ನಾನು ಆ ಕಡೆ ಗುಡ್ಡದಲ್ಲಿದ್ದೆ. ಏನಾಯ್ತು? ಹೇಳು.”

ಆಕೆ ಕಿತ್ತಳೆ ಬದಿಗಿಟ್ಟು, ಕೈಯಿಂದ ಗಾಳಿಯಲ್ಲಿ ಇಳಿಜಾರು ಬರೆಯುತ್ತ ಹೇಳತೊಡಗಿದಳು. ಅವಳ ಕೈಯಲ್ಲಿ ಆ ಪುಟ್ಟ ಇಳಿಜಾರು ಗೋಡೆಯಷ್ಟು ಕಡಿದಾಯಿತು. ಎದುರಿಗೆ ಬಂದ ಮರಗಳು ಮೂರು ಪಟ್ಟು ದೊಡ್ಡವಾದವು. ಮೇಷ್ಟ್ರು ಒಂದೂ ತಿದ್ದಲಿಲ್ಲ. “ಹೌದಾ!” ಅಂದರು, “ಅಬ್ಬಾ!” ಅಂದರು, ಎದೆಯ ಮೇಲೆ ಕೈಯಿಟ್ಟುಕೊಂಡರು. ಕಥೆ ಮುಗಿದಾಗ ಆಕೆ ಉಸಿರು ಎಳೆದುಕೊಂಡು, “ನಾಳೆ ಬೇಗ ಎಬ್ಬಿಸಿ, ಲಿಫ್ಟು ತೆಗೆಯೋ ಹೊತ್ತಿಗೇ ಬರೋಣ” ಅಂದಳು.

“ಆಯ್ತು” ಅಂದರು ಮೇಷ್ಟ್ರು. ಆಕೆ ಬದಿಗಿಟ್ಟ ಕಿತ್ತಳೆಯಿಂದ ಒಂದು ತೊಳೆ ಬಿಡಿಸಿ ಆಕೆಯ ಕೈಗಿಟ್ಟು, “ಆ ಮೊದಲನೇ ತಿರುವಿನ ವಿಷಯ ಇನ್ನೊಂದು ಸಲ ಹೇಳೇ” ಅಂದರು.